ಏಪ್ರಿಲ್ 15ರ ಆಚೆ, ಈಚೆ

ಆ ಪುಸ್ತಕ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಕೆಂಪು ರಟ್ಟು. ಅಂಗಿ ಜೇಬಿಗೆ ಹಿಡಿಸಲಿ ಅಂತಲೇ ಆ ಅಳತೆಗೆ ಮಾಡಿರುತ್ತಾರೆ. 2020ರ ಮೇ ತಿಂಗಳ ಕೊನೆ ವಾರ. ನಮ್ಮ ಆಫೀಸಿನ ಮುಂದೆ ಪಿಕಪ್ ನಿಲ್ಲಿಸಿ, ಕಿಟಕಿ ಗಾಜು ಇಳಿಸಿ, ತಾತ ಅದನ್ನು ನನ್ನ ಕಡೆ ಚಾಚಿದರು. ನಾನು ಮಾಸ್ಕ್ ಹಾಕಿದ್ದೆ. ಆದರೂ ಸಗಣಿ ಮತ್ತು ಅಯೋಡಿನ್ ವಾಸನೆ ಮೂಗಿಗೆ ಬಡಿಯಿತು.

"ಕಳೆದುಹಾಕಬೇಡಮ್ಮ. ಈ ವರ್ಷದ್ದೆಲ್ಲಾ ಅದರಲ್ಲೇ ಇರೋದು" ಅಂದರು.

ತಾತ ನನಗೆ ಸಂಬಂಧಿಕರೇನಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ರ್ಯಾಂಚರ್, ಅಂದರೆ ದೊಡ್ಡ ಹುಲ್ಲುಗಾವಲಿನಲ್ಲಿ ದನ ಸಾಕುವವರು. ಆಗ ಅವರಿಗೆ 74 ವರ್ಷ. ನಮ್ಮ ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯಲ್ಲಿ, ಎಲ್ಲರಿಗೂ ಎಲ್ಲರೂ ಗೊತ್ತು, ಹೆಸರು ಬರೆದರೆ ನಾಳೆ ಬೆಳಗ್ಗೆ ಪೆಟ್ರೋಲ್ ಬಂಕಿನ ಕಾಫಿ ಹೊತ್ತಿಗೆ ಸುದ್ದಿಯಾಗುತ್ತದೆ. ಹಾಗಾಗಿ ಇಲ್ಲಿ ಅವರು ಬರೀ ತಾತ. ಕೌಂಟಿಯ ಹೆಸರೂ ಬೇಡ.

ನಾನು ಚಿಕ್ಕಬಳ್ಳಾಪುರದ ಕಡೆಯವಳು. ಬಿ.ಕಾಂ ಓದಿದ್ದೆ. ನಮ್ಮ ಮನೆಯವರು ಇಲ್ಲಿನ 20 ಹಾಸಿಗೆಯ ಆಸ್ಪತ್ರೆಗೆ ಡಾಕ್ಟರಾಗಿ ಬಂದರು, ನಾನು ಹಿಂದೆ ಬಂದೆ. ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಊರಿನ ಒಂದೇ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಇಲ್ಲಿ ರೈತರು ಮಾರ್ಚ್ 1ರೊಳಗೆ ತೆರಿಗೆ ಲೆಕ್ಕ ಸಲ್ಲಿಸಿದರೆ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟುವ ರಗಳೆ ಇರುವುದಿಲ್ಲ. ಅದಕ್ಕೇ ಫೆಬ್ರವರಿಯಲ್ಲಿ ಒಬ್ಬೊಬ್ಬರೇ ಬೂಟಿನ ಡಬ್ಬದಲ್ಲಿ ಚೀಟಿ ತುಂಬಿಕೊಂಡು ಬರುತ್ತಾರೆ. ದನ ಮಾರಿದ ಚೀಟಿ, ಹುಲ್ಲು ಕೊಂಡ ಚೀಟಿ, ಡೀಸೆಲ್ ಚೀಟಿ. ನಾನು ಅದನ್ನೆಲ್ಲಾ ಬಿಡಿಸಿ ಜೋಡಿಸುತ್ತೇನೆ. ಆ ದನಗಳೆಲ್ಲಾ ಕೊನೆಗೆ ಎಲ್ಲಿಗೆ ಹೋಗುತ್ತವೆ ಅಂತ ಊರಲ್ಲಿರುವ ಅಮ್ಮನಿಗೆ ನಾನು ಇವತ್ತಿಗೂ ಬಿಡಿಸಿ ಹೇಳಿಲ್ಲ. "ದನ ಸಾಕೋರ ಲೆಕ್ಕ ಬರೀತಾಳೆ, ಪುಣ್ಯದ ಕೆಲಸ" ಅಂತ ಅಮ್ಮ ಬೀದಿಯಲ್ಲೆಲ್ಲಾ ಹೇಳಿಕೊಂಡಿದ್ದಾಳೆ.

ಈ ಜಾಗ ಕಣ್ಣಿಗೆ ಕಟ್ಟದೆ ಮುಂದಿನದು ಅರ್ಥವಾಗುವುದು ಕಷ್ಟ. ಇದು ಸ್ಯಾಂಡ್‌ಹಿಲ್ಸ್. ಹೆಸರೇ ಹೇಳುವ ಹಾಗೆ ಮರಳಿನ ಗುಡ್ಡಗಳು, ಆದರೆ ಮರಳು ಕಾಣುವುದಿಲ್ಲ. ಮೇಲೆಲ್ಲಾ ಹುಲ್ಲು. ಸುಮಾರು 50,000 ಚದರ ಕಿಲೋಮೀಟರ್ ಬರೀ ಹುಲ್ಲು. ಉತ್ತು ಹರಗಿದರೆ ಮರಳು ಎದ್ದು ಬರುತ್ತದೆ, ಅದಕ್ಕೇ ಯಾರೂ ಉಳುವುದಿಲ್ಲ, ದನ ಮೇಯಿಸುತ್ತಾರೆ. ಇಲ್ಲೇ ಇರುವ ಚೆರ್ರಿ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ವಿಸ್ತಾರದಲ್ಲಿ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕ ಜನ 5,455. ಬೆಳಗಾವಿಯಲ್ಲಿ 2011ರಲ್ಲೇ 47 ಲಕ್ಷ ದಾಟಿತ್ತು. ಇಡೀ ನೆಬ್ರಾಸ್ಕಾದಲ್ಲಿ ಜನರಿಗಿಂತ ದನಗಳು ಮೂರು ಪಟ್ಟು ಜಾಸ್ತಿ.

ತಾತನ ವರ್ಷ ನಮ್ಮ ಪಂಚಾಂಗದ ಹಾಗೆ, ತಿಥಿ ತಪ್ಪುವುದಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹಸು ಈಯುವ ಕಾಲ. ರಾತ್ರಿ ಎರಡು ಗಂಟೆಗೆ ಒಂದು ಸಲ, ನಾಲ್ಕಕ್ಕೆ ಒಂದು ಸಲ, ಹಿಮದಲ್ಲಿ ಟಾರ್ಚ್ ಹಿಡಿದುಕೊಂಡು ಸುತ್ತಬೇಕು. ಮೇನಲ್ಲಿ ನೆರೆಹೊರೆಯವರೆಲ್ಲಾ ಸೇರಿ ಕರುಗಳಿಗೆ ಬರೆ ಹಾಕುತ್ತಾರೆ, ಗಂಡುಕರುಗಳ ಬೀಜ ಒಡೆಯುತ್ತಾರೆ, ಆಮೇಲೆ ಒಟ್ಟಿಗೆ ಊಟ. ಅಕ್ಟೋಬರಿನಲ್ಲಿ ಕರುಗಳನ್ನು ತಾಯಿಂದ ಬಿಡಿಸುತ್ತಾರೆ. ಹೆಚ್ಚಿನವು ಆಗಲೇ ಹರಾಜಿಗೆ ಹೋಗುತ್ತವೆ. ಕೆಲವನ್ನು ಚಳಿಗಾಲ ಪೂರ್ತಿ ಹುಲ್ಲು ಹಾಕಿ ಬೆಳೆಸಿ ಮುಂದಿನ ವಸಂತದಲ್ಲಿ ಮಾರುತ್ತಾರೆ. ಅವಕ್ಕೆ ಇಯರ್ಲಿಂಗ್ ಅನ್ನುತ್ತಾರೆ. ಕೊಂಡವರು ಅವನ್ನು ದೊಡ್ಡ ದೊಡ್ಡ ಅಂಗಳಗಳಲ್ಲಿ ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ಅಲ್ಲಿಂದ ಮಾಂಸದ ಕಾರ್ಖಾನೆ. ಅಂದರೆ ರ್ಯಾಂಚರ್ ಕೈಗೆ ದುಡ್ಡು ಬರುವುದು ವರ್ಷಕ್ಕೆ ಒಂದು ಸಲ, ಇಲ್ಲಾ ಎರಡು ಸಲ. ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಲ್ಲ.

2020ರ ವಸಂತದಲ್ಲಿ ಏನಾಯಿತು ಅಂದರೆ, ಈ ಸರಪಳಿಯ ಕೊನೆ ಕೊಂಡಿ ತುಂಡಾಯಿತು. ಮಾಂಸದ ಕಾರ್ಖಾನೆಗಳಲ್ಲಿ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತು ಕೆಲಸ ಮಾಡುತ್ತಾರೆ. ಕೊರೊನಾಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ದಕ್ಷಿಣ ಡಕೋಟಾದ ಸೂ ಫಾಲ್ಸ್‌ನ ಹಂದಿಮಾಂಸದ ದೊಡ್ಡ ಕಾರ್ಖಾನೆ ಏಪ್ರಿಲ್ ಮಧ್ಯದಲ್ಲಿ ಬಾಗಿಲು ಹಾಕಿತು. ಕೊಲರಾಡೋದ ಗ್ರೀಲಿಯಲ್ಲಿ ದನದ ಕಾರ್ಖಾನೆ ನಿಂತಿತು. ನಮ್ಮ ರಾಜ್ಯದ ಡಕೋಟಾ ಸಿಟಿಯದೂ ಮೇ ಶುರುವಿನಲ್ಲಿ ಕೆಲವು ದಿನ ಮುಚ್ಚಿತು. ಕಾರ್ಖಾನೆಗಳನ್ನು ತೆರೆದಿಡಲು ಏಪ್ರಿಲ್ 28ರಂದು ಟ್ರಂಪ್ ಆದೇಶವನ್ನೇ ಹೊರಡಿಸಬೇಕಾಯಿತು. ಈ ದೇಶದಲ್ಲಿ ಕೊಬ್ಬಿಸಿದ ದನಗಳ ಪೈಕಿ ನೂರಕ್ಕೆ ಸುಮಾರು 85 ನಾಲ್ಕೇ ನಾಲ್ಕು ಕಂಪನಿಗಳ ಕೈಗೆ ಹೋಗುತ್ತವೆ. ಆ ಬಾಗಿಲು ಚಿಕ್ಕದಾದರೆ ಹಿಂದೆ ನಿಂತವರೆಲ್ಲಾ ನಿಂತಲ್ಲೇ. ಅಂಗಡಿಯಲ್ಲಿ ಮಾಂಸದ ರೇಟು ಏರಿತು, ಹರಾಜಿನಲ್ಲಿ ದನದ ರೇಟು ಇಳಿಯಿತು. ಎರಡೂ ಒಂದೇ ತಿಂಗಳಲ್ಲಿ. ತಾತನ ಸೊಸೆ ಸೂಪರ್ ಮಾರ್ಕೆಟ್ಟಿನಲ್ಲಿ ಖೀಮಾ ಪ್ಯಾಕೆಟ್ಟಿನ ಫೋಟೋ ತೆಗೆದು ಮಾವನಿಗೆ ಕಳಿಸಿದ್ದಳಂತೆ, ಕೆಳಗೆ ಒಂದಕ್ಷರವೂ ಬರೆಯದೆ.

ಸರ್ಕಾರದ ನೆರವು ಘೋಷಣೆಯಾಗಿದ್ದು ಏಪ್ರಿಲ್ 17ಕ್ಕೆ. ಟ್ರಂಪ್ ಮತ್ತು ಕೃಷಿ ಕಾರ್ಯದರ್ಶಿ ಸನ್ನಿ ಪರ್ಡ್ಯೂ 1,900 ಕೋಟಿ ಡಾಲರ್ ಅಂದರು. ಅದರಲ್ಲಿ 300 ಕೋಟಿ ಹಾಲು, ಮಾಂಸ, ತರಕಾರಿ ಕೊಂಡು ಬಡವರಿಗೆ ಪೆಟ್ಟಿಗೆಯಲ್ಲಿ ಹಂಚಲು. ಉಳಿದ 1,600 ಕೋಟಿ ನೇರವಾಗಿ ರೈತರ ಖಾತೆಗೆ. ಯೋಜನೆಯ ಹೆಸರು ಉದ್ದ, ಎಲ್ಲರ ಬಾಯಲ್ಲಿ ಅದು ಸಿ-ಫ್ಯಾಪ್ ಆಯಿತು. ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದ್ದು ಮೇ 26ಕ್ಕೆ. ತಾತ ಕೆಂಪು ಪುಸ್ತಕ ಹಿಡಿದುಕೊಂಡು ಬಂದದ್ದು ಅದಕ್ಕೇ.

ಅರ್ಜಿ ಹೋಗಬೇಕಾದದ್ದು ಎಫ್‌ಎಸ್‌ಎ ಆಫೀಸಿಗೆ. ಕೇಂದ್ರ ಕೃಷಿ ಇಲಾಖೆಯ ಶಾಖೆ ಅದು. ನಮ್ಮ ರೈತ ಸಂಪರ್ಕ ಕೇಂದ್ರ ಇದ್ದ ಹಾಗೆ ಅಂದುಕೊಳ್ಳಿ, ಜೊತೆಗೆ ಸಾಲ, ಸಬ್ಸಿಡಿ, ಬೆಳೆ ದಾಖಲೆ ಎಲ್ಲಾ ಅಲ್ಲೇ. ಆಗ ಬಾಗಿಲು ಹಾಕಿತ್ತು, ಎಲ್ಲಾ ಫೋನಿನಲ್ಲಿ. ಫಾರಂ ಸ್ಕ್ಯಾನ್ ಮಾಡಿ ಕಳಿಸಿ ಅನ್ನುತ್ತಿದ್ದರು. ಸ್ಕ್ಯಾನರ್ ಇರಲಿ, ಎಷ್ಟೋ ರ್ಯಾಂಚುಗಳಲ್ಲಿ ನೆಟ್‌ವರ್ಕೇ ಗುಡ್ಡ ಹತ್ತಿದರೆ ಮಾತ್ರ. ಅದಕ್ಕೇ ನಮ್ಮ ಆಫೀಸಿನ ಮುಂದೆ ಪಿಕಪ್‌ಗಳ ಸಾಲು.

ಸ್ವಲ್ಪ ಲೆಕ್ಕಕ್ಕೆ ಬರುತ್ತೇನೆ. ಸಹಿಸಿಕೊಳ್ಳಿ, ಕಥೆ ಇರುವುದೇ ಅದರಲ್ಲಿ.

ಜನವರಿ 15ರಿಂದ ಏಪ್ರಿಲ್ 15ರೊಳಗೆ ನೀವು ದನ ಮಾರಿದ್ದರೆ ಒಂದು ದರ. 600 ಪೌಂಡಿಗಿಂತ ಕಮ್ಮಿ ತೂಗುವ ಕರುವಿಗೆ 102 ಡಾಲರ್. ಅದಕ್ಕಿಂತ ಜಾಸ್ತಿ ತೂಗುವ ಇಯರ್ಲಿಂಗಿಗೆ 139. ಕೊಬ್ಬಿಸಿ ಕಾರ್ಖಾನೆಗೆ ಕಳಿಸಿದ್ದಕ್ಕೆ 214. ಮಾರದೆ ಉಳಿಸಿಕೊಂಡಿದ್ದರೆ? ಏಪ್ರಿಲ್ 16ರಿಂದ ಮೇ 14ರ ನಡುವೆ ನೀವೇ ಒಂದು ದಿನ ಆರಿಸಿಕೊಂಡು, ಆ ದಿನ ನಿಮ್ಮ ಹತ್ತಿರ ಇದ್ದ ದನಗಳನ್ನು ಎಣಿಸಬೇಕು. ತಲೆಗೆ 33 ಡಾಲರ್. ಹಸುವಾಗಲಿ, ಕರುವಾಗಲಿ, ಹೋರಿಯಾಗಲಿ, 33.

ಇಯರ್ಲಿಂಗ್ ಏಪ್ರಿಲ್ 15ಕ್ಕೆ ಮಾರಿದರೆ 139, ಏಪ್ರಿಲ್ 16ಕ್ಕೆ ಮಾರಿದರೆ 33. ದನ ಅದೇ, ಹುಲ್ಲು ಅದೇ.

ಈ ಗೆರೆ ಎಲ್ಲಿಂದ ಬಂತು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಯಾರದೋ ದುರುದ್ದೇಶ ಅಲ್ಲ. ದುಡ್ಡು ಎರಡು ಥೈಲಿಯಿಂದ ಬಂದಿತ್ತು. ಕೊರೊನಾ ನೆರವಿಗೆ ಸಂಸತ್ತು ಮಾರ್ಚಿನಲ್ಲಿ ಪಾಸು ಮಾಡಿದ ಕೇರ್ಸ್ ಕಾಯ್ದೆಯ ಥೈಲಿಯಲ್ಲಿ 950 ಕೋಟಿ. ಅದು ಆಗಿಹೋದ ನಷ್ಟಕ್ಕೆ. 1933ರಿಂದ ಇರುವ ಇನ್ನೊಂದು ಹಳೆಯ ಸರ್ಕಾರಿ ನಿಗಮದ ಥೈಲಿಯಲ್ಲಿ 650 ಕೋಟಿ. ಅದು ಮುಂದೆ ಆಗಲಿರುವ ತೊಂದರೆಗೆ. ಆಗಿಹೋದದ್ದಕ್ಕೂ ಆಗಲಿರುವುದಕ್ಕೂ ನಡುವೆ ಎಲ್ಲಾದರೂ ಒಂದು ಗೆರೆ ಹಾಕಬೇಕಲ್ಲ. ಏಪ್ರಿಲ್ 15ಕ್ಕೆ ಹಾಕಿದರು. ವಾಷಿಂಗ್ಟನ್ನಿನ ಮೇಜಿನ ಮೇಲೆ ಅದು ಸರಿಯಾಗಿಯೇ ಕಂಡಿರುತ್ತದೆ.

ಇಲ್ಲಿ ತಾತ ಮತ್ತು ಅವರ ಬೇಲಿಯಾಚೆಯ ನೆರೆಯವರು. ಇಬ್ಬರೂ ಚಳಿಗಾಲ ಪೂರ್ತಿ 80-80 ಇಯರ್ಲಿಂಗ್ ಬೆಳೆಸಿದ್ದರು. ಇಬ್ಬರೂ ಏಪ್ರಿಲ್ 9ರ ಗುರುವಾರದ ಹರಾಜಿಗೆ ಹೊರಡಬೇಕಿತ್ತು. ನೆರೆಯವರ ಲಾರಿ ಬಂತು. ತಾತನ ಲಾರಿ ಬರಲಿಲ್ಲ. ಡ್ರೈವರ್ ಮನೆಯಲ್ಲಿ ಯಾರಿಗೋ ಜ್ವರ, ಎಲ್ಲರೂ ಕ್ವಾರಂಟೈನ್. ಮುಂದಿನ ಗುರುವಾರ ಹರಾಜೇ ರದ್ದಾಯಿತು. ಅದರ ಮುಂದಿನ ಗುರುವಾರ, ಏಪ್ರಿಲ್ 23ಕ್ಕೆ ತಾತ ಮಾರಿದರು. ಇಬ್ಬರ ಚೀಟಿಯೂ ನನ್ನ ಮೇಜಿನ ಮೇಲೆ ಬಂದಿತ್ತು. ಸಿಕ್ಕ ರೇಟು ಹೆಚ್ಚುಕಮ್ಮಿ ಒಂದೇ. ಇಬ್ಬರೂ ಒಂದೇ ಹಳ್ಳಕ್ಕೆ ಬಿದ್ದಿದ್ದರು. ನೆರೆಯವರಿಗೆ ಆ 80ಕ್ಕೆ 11,120 ಡಾಲರ್ ನೆರವು. ತಾತನಿಗೆ 2,640.

ನಾನು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದೆ. ತಾತ ಪಿಕಪ್ಪಿನಲ್ಲೇ ಕೂತು ಅದನ್ನು ನೋಡಿದರು. ಆಮೇಲೆ ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, "ಆ ಡ್ರೈವರ್ ಹುಡುಗ ಚೆನ್ನಾಗಿದಾನಂತಾ ಈಗ?" ಅಂತ ಕೇಳಿದರು.

ಒಂದು ಕ್ಷಣ ನನಗೇ ನಾಚಿಕೆಯಾಯಿತು. ಡ್ರೈವರ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಇನ್ನು ಉಳಿದ ದನಗಳ ಎಣಿಕೆ. ಅದಕ್ಕೆ ಕೆಂಪು ಪುಸ್ತಕ. ಒಂದೊಂದು ಪುಟದಲ್ಲೂ ಪೆನ್ಸಿಲ್ಲಿನ ಸಾಲು. ಹಸುವಿನ ಕಿವಿಯ ನಂಬರು, ತಾರೀಖು, ಗಂಡೋ ಹೆಣ್ಣೋ, ಪಕ್ಕದಲ್ಲಿ ಒಂದೆರಡು ಪದ. "ಹಿಮ." "ಎಳೆಯಬೇಕಾಯಿತು." "ತಾಯಿ ಹತ್ತಿರ ಸೇರಿಸುತ್ತಿಲ್ಲ." ಒಂದು ಕಡೆ ಬರೀ "ಕೆಟ್ಟ ರಾತ್ರಿ." ಮಾರ್ಚಿನ ಪುಟಗಳಲ್ಲಿ ಅಕ್ಷರ ಸೊಟ್ಟ, ಕೈ ಮರಗಟ್ಟಿದಾಗ ಬರೆದದ್ದು. ಕೆಲವು ಪುಟಕ್ಕೆ ಕಂದು ಕಲೆ. ಅದು ರಕ್ತವೋ ಅಯೋಡಿನ್ನೋ ಗೊತ್ತಾಗಲಿಲ್ಲ. ಸರ್ಕಾರಕ್ಕೆ ಬೇಕಾದ ಪುರಾವೆ ಅಂದರೆ ಇದೇ. ಅರ್ಜಿಯಲ್ಲಿ ನೀವು ಹೇಳಿದ್ದನ್ನು ಮೊದಲು ನಂಬುತ್ತಾರೆ, ಆಮೇಲೆ ಕೆಲವರನ್ನು ಆರಿಸಿ ದಾಖಲೆ ತೋರಿಸಿ ಅನ್ನುತ್ತಾರೆ. ಮೂರು ವರ್ಷ ಎತ್ತಿಡಬೇಕು.

ನಾವು ಏಪ್ರಿಲ್ 22 ಅಂತ ಆರಿಸಿದೆವು. ಮಾರುವ ಹಿಂದಿನ ದಿನ, ಇಯರ್ಲಿಂಗ್‌ಗಳು ಇನ್ನೂ ಇದ್ದವು. ನಾನು ಪುಟ ಪುಟ ಎಣಿಸಿದೆ. ಆ ದಿನಕ್ಕೆ ಜೀವಂತ ಇದ್ದ ಕರು 241. ತಾತ 238 ಬರಿ ಅಂದರು.

"ಮೂರು ಕರು ಆಮೇಲೆ ಸತ್ತವು."

"ಆದರೆ 22ಕ್ಕೆ ಇದ್ದವಲ್ಲಾ. ನಿಯಮದ ಪ್ರಕಾರ ಎಣಿಸಬಹುದು."

"ಸತ್ತ ಕರು ತೋರಿಸಿ ದುಡ್ಡು ತಗೊಳ್ಳಲ್ಲ ನಾನು."

99 ಡಾಲರ್. ವಾದ ಮಾಡಲಿಲ್ಲ. ಹಸು, ಹೋರಿ ಸೇರಿ 324, ಇಯರ್ಲಿಂಗ್ 80, ಕರು 238. ಒಟ್ಟು 642 ತಲೆ, 21,186 ಡಾಲರ್. ಮೊದಲು ಕೈಗೆ ಬಂದದ್ದು ಅದರ ನೂರಕ್ಕೆ 80 ಭಾಗ. ಎಲ್ಲರಿಗೂ ಸಾಲುತ್ತದೋ ಇಲ್ಲವೋ ನೋಡಿಕೊಂಡು ಮಿಕ್ಕಿದ್ದು ಕೊಡುತ್ತೇವೆ ಅಂದಿದ್ದರು. ಆಗಸ್ಟ್‌ನಲ್ಲಿ ಮಿಕ್ಕಿದ್ದೂ ಬಂತು.

ಇಷ್ಟೊಂದು ದುಡ್ಡಾ ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಅನ್ನಿಸಿತ್ತು. ಲೆಕ್ಕ ಬರೆಯುವವಳಾಗಿ ಅದು ಎಲ್ಲಿ ಹೋಯಿತು ಅಂತಲೂ ನೋಡಿದ್ದೇನೆ. ಬ್ಯಾಂಕಿನ ಸಾಲಕ್ಕೆ ಅರ್ಧಕ್ಕಿಂತ ಜಾಸ್ತಿ. ಬಾಡಿಗೆ ಹುಲ್ಲುಗಾವಲಿಗೆ ಸ್ವಲ್ಪ. ಚಳಿಗಾಲದ ಹುಲ್ಲಿಗೆ ಸ್ವಲ್ಪ. ಮುಂದಿನ ಫೆಬ್ರವರಿಯಲ್ಲಿ ಅದೇ ನೆರವು ಆದಾಯ ಅಂತ ತೆರಿಗೆ ಲೆಕ್ಕಕ್ಕೂ ಬಂತು. ಆ ಫಾರಂ ತುಂಬಿದವಳೂ ನಾನೇ. ತಾತನ ಅಡುಗೆಮನೆಯ ಫ್ರಿಜ್ಜು 2020ರಲ್ಲೂ ಹಳೆಯದೇ, ಈಗಲೂ ಅದೇ.

ಎಲ್ಲರದೂ ಇದೇ ಕಥೆ ಅಂತಲ್ಲ. ಒಬ್ಬರಿಗೆ ಗರಿಷ್ಠ 2.5 ಲಕ್ಷ ಡಾಲರ್ ಅಂತ ಮಿತಿ ಇತ್ತು. ಕಂಪನಿ ಮಾಡಿಕೊಂಡಿದ್ದರೆ, ಮೂವರು ಪಾಲುದಾರರು ತಲಾ 400 ಗಂಟೆ ದುಡಿಮೆ ಇಲ್ಲವೇ ಮೇಲ್ವಿಚಾರಣೆ ತೋರಿಸಿದರೆ, 7.5 ಲಕ್ಷದವರೆಗೆ. 2020ರಲ್ಲಿ ಅಮೆರಿಕದ ಸರ್ಕಾರ ಎಲ್ಲಾ ಯೋಜನೆ ಸೇರಿ ರೈತರಿಗೆ ನೇರವಾಗಿ ಕೊಟ್ಟದ್ದು ಸುಮಾರು 4,500 ಕೋಟಿ ಡಾಲರ್. ಆ ವರ್ಷದ ಕೃಷಿಯ ನಿವ್ವಳ ಆದಾಯದ ಹತ್ತಿರ ಹತ್ತಿರ ಅರ್ಧ. ಜೊತೆಗೆ ಅದು ಚುನಾವಣೆ ವರ್ಷ. ಎರಡನೇ ಕಂತನ್ನು ಟ್ರಂಪ್ ಸೆಪ್ಟೆಂಬರ್ 17ರಂದು ವಿಸ್ಕಾನ್ಸಿನ್‌ನ ಪ್ರಚಾರ ಸಭೆಯಲ್ಲಿ ಘೋಷಿಸಿದರು. ನಮ್ಮ ಕಡೆಯ ರಾಜಕೀಯ ನೋಡಿ ಬೆಳೆದವಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ನನಗೆ ಹೊಸದಾಗಿ ಕಂಡದ್ದು ಇವರ ಮುಜುಗರ. ಸರ್ಕಾರದ ಹಂಗಿಲ್ಲದೆ ಬದುಕುತ್ತೇವೆ ಅನ್ನುವುದು ಈ ಗುಡ್ಡಗಳ ಜನರ ದೊಡ್ಡ ಹೆಮ್ಮೆ. ಮೆಕ್ಕೆಜೋಳ, ಸೋಯಾ ಬೆಳೆಯುವ ಪೂರ್ವದ ರೈತರನ್ನು ಇವರು ಸ್ವಲ್ಪ ಕೀಳಾಗಿಯೇ ನೋಡುತ್ತಿದ್ದರು. ಚೀನಾ ಜೊತೆಗಿನ ವ್ಯಾಪಾರ ಜಗಳಕ್ಕೆ 2018ರಲ್ಲೂ 2019ರಲ್ಲೂ ಆ ಕಡೆಯವರಿಗೆ ಧಾರಾಳವಾಗಿ ದುಡ್ಡು ಬಂದಿತ್ತು. "ಅವರು ಹೊಲ ಉಳಲ್ಲ, ಅಂಚೆ ಡಬ್ಬ ಉಳ್ತಾರೆ" ಅಂತ, ಅಂಚೆಯಲ್ಲಿ ಬರುವ ಸರ್ಕಾರದ ಚೆಕ್ ನೆನೆದು, ಬಂಕಿನ ಕಾಫಿ ಟೇಬಲ್ಲಿನಲ್ಲಿ ನಗುತ್ತಿದ್ದರು. ಈಗ ಅಂಚೆ ಡಬ್ಬ ಇವರ ಬಾಗಿಲಿಗೇ ಬಂದಿತ್ತು. ಅರ್ಜಿ ಹಾಕಲ್ಲ ಅಂತ ಇಬ್ಬರು ಹಟ ಹಿಡಿದರು. ಅದರಲ್ಲಿ ಒಬ್ಬರ ಹೆಂಡತಿ ಕೊನೆ ವಾರದಲ್ಲಿ ತಾವೇ ಡಬ್ಬ ಹಿಡಿದುಕೊಂಡು ಬಂದರು. "ಅವರಿಗೆ ಮರ್ಯಾದೆ ಇರಲಿ. ನನಗೆ ಬಡ್ಡಿ ಕಟ್ಟೋದಿದೆ" ಅಂದರು. ಸಹಿ ಮಾತ್ರ ಗಂಡನದೇ ಬೇಕಿತ್ತು. ಹೇಗೆ ಹಾಕಿಸಿದರೋ ನಾನು ಕೇಳಲಿಲ್ಲ.

ಮುಜುಗರಕ್ಕೆ ಇನ್ನೊಂದು ಕಾರಣವೂ ಇದೆ. ಈ ನೆರವು ಗುಟ್ಟಲ್ಲ. ಎನ್ವಿರಾನ್ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನುವ ಸಂಸ್ಥೆ ಸರ್ಕಾರದಿಂದ ಲೆಕ್ಕ ತರಿಸಿ, ಕೌಂಟಿವಾರು, ಹೆಸರುವಾರು ಇಂಟರ್ನೆಟ್ಟಿಗೆ ಹಾಕುತ್ತದೆ. ಯಾರಿಗೆ ಎಷ್ಟು ಬಂತು ಅಂತ ಯಾರು ಬೇಕಾದರೂ ನೋಡಬಹುದು. ನಮ್ಮಂಥ ಊರಿನಲ್ಲಿ ಅದು ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದ ಹಾಗೆ. ನೋಡಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಮೊತ್ತ ಎಲ್ಲರಿಗೂ ಬಾಯಿಪಾಠ.

ಈ ಎಲ್ಲಾ ನಡೆಯುತ್ತಿದ್ದಾಗ ನನ್ನ ಫೋನಿನಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿತ್ತು. ನನ್ನ ತಮ್ಮ ಊರಲ್ಲಿ ಒಂದೂವರೆ ಎಕರೆಗೆ ಸೇವಂತಿಗೆ, ಚೆಂಡುಹೂ ಹಾಕಿದ್ದ. ಯುಗಾದಿಗೆ ಸರಿಯಾಗಿ ಕೊಯ್ಲಿಗೆ ಬರಲಿ ಅಂತ ಲೆಕ್ಕ ಹಾಕಿ ನೆಟ್ಟಿದ್ದ. 2020ರ ಯುಗಾದಿ ಮಾರ್ಚ್ 25. ದೇಶಕ್ಕೆಲ್ಲಾ ಲಾಕ್‌ಡೌನ್ ಬಿದ್ದ ಮೊದಲ ದಿನವೂ ಅದೇ. ಹೂವಿನ ಮಾರ್ಕೆಟ್ ಇಲ್ಲ, ಬಸ್ಸಿಲ್ಲ, ದೇವಸ್ಥಾನ ಇಲ್ಲ, ಮದುವೆ ಇಲ್ಲ. ದನ ಆದರೆ ಎರಡು ವಾರ ನಿಲ್ಲುತ್ತದೆ, ಹೂ ನಿಲ್ಲುತ್ತದಾ? ತಮ್ಮ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ. ಹಳದಿ ಹೊಲದ ಮೇಲೆ ಟ್ರ್ಯಾಕ್ಟರ್ ಓಡುತ್ತಿದೆ. ಹಿಂದಿನಿಂದ ಅಮ್ಮನ ದನಿ: "ದೇವರಿಗೆ ಒಂದು ಬೊಗಸೆ ಆದ್ರೂ ತೆಗೀರೋ."

ಯಡಿಯೂರಪ್ಪನವರ ಸರ್ಕಾರ ಮೇ 6ಕ್ಕೆ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಆಟೋ, ಟ್ಯಾಕ್ಸಿಯವರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರ್‌ವರೆಗೆ ಮಾತ್ರ. ಮುಂದಿನ ವಾರ ಮೆಕ್ಕೆಜೋಳದವರಿಗೂ 5,000 ಅಂದರು. ತಮ್ಮನ ಒಂದೂವರೆ ಎಕರೆಗೆ ಸುಮಾರು 15,000 ಬರಬೇಕು. ಆದರೆ ಪಹಣಿ ಇನ್ನೂ ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷ, ಪೌತಿ ಖಾತೆ ಮಾಡಿಸುವುದು ಇವತ್ತು ನಾಳೆ ಅಂತ ಹಾಗೇ ಉಳಿದಿತ್ತು. ಆಧಾರ್ ತಮ್ಮನದು, ಪಹಣಿ ಅಪ್ಪನದು, ಹೂವು ಟ್ರ್ಯಾಕ್ಟರಿನ ಕೆಳಗೆ.

"ಅಕ್ಕಾ, ಹೊಲದಲ್ಲಿ ಹೂ ಇತ್ತು ಅಂತ ಫೋಟೋ ಇದೆ, ವಿಡಿಯೋ ಇದೆ. ಆದ್ರೆ ಹೊಲ ನಂದು ಅಂತ ಪೇಪರಿಲ್ಲ" ಅಂದ ತಮ್ಮ. ನಾನು ಆಗ ತಾತನ 642 ತಲೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಇಲ್ಲಿನ ಅರ್ಜಿಯಲ್ಲಿ ಭೂಮಿ ಯಾರದು ಅಂತ ಯಾರೂ ಕೇಳಲಿಲ್ಲ, ದನ ಯಾರದು ಅಂತಷ್ಟೇ ಕೇಳಿದರು. ಬಾಡಿಗೆ ಹುಲ್ಲುಗಾವಲಿನಲ್ಲಿ ಮೇಯಿಸಿದವನಿಗೂ ದುಡ್ಡು ಬಂತು. ಆ ಒಂದು ವಿಷಯದಲ್ಲಿ ಇವರ ಫಾರಂ ನಮ್ಮದಕ್ಕಿಂತ ಜಾಣ ಅಂತ ಹೊಟ್ಟೆಕಿಚ್ಚಾಯಿತು. ಆದರೆ ಕಂಪನಿಯವರ ಕೋಳಿಮರಿ ತಂದು ತಮ್ಮ ಶೆಡ್ಡಿನಲ್ಲಿ ಸಾಕಿಕೊಡುವವರಿಗೆ ಆಗ ಇಲ್ಲೂ ಸೊನ್ನೆ. ಕೋಳಿ ಅವರದಲ್ಲವಲ್ಲ. ಇಲ್ಲಿನವರು ಹೂವನ್ನೂ ಮೊದಲು ಬಿಟ್ಟು, ಆಗಸ್ಟ್‌ನಲ್ಲಿ ನೆನಪಾದವರ ಹಾಗೆ ಸೇರಿಸಿದರು.

ಸಿ-ಫ್ಯಾಪ್‌ನ ಎರಡನೇ ಕಂತು 1,400 ಕೋಟಿ ಡಾಲರಿನದು. ಅರ್ಜಿ ಸೆಪ್ಟೆಂಬರ್ 21ರಿಂದ ಡಿಸೆಂಬರ್ 11ರವರೆಗೆ. ದನಕ್ಕೆ ತಲೆಗೆ 55 ಡಾಲರ್. ಆದರೆ ಈ ಸಲ ತಳಿಗಾಗಿ ಇಟ್ಟುಕೊಂಡ ಹಸು, ಹೋರಿ ಲೆಕ್ಕಕ್ಕಿಲ್ಲ. ನಮ್ಮ ಗುಡ್ಡದವರ ಆಸ್ತಿಯೇ ಹಸು. ಬಂಕಿನಲ್ಲಿ ಮತ್ತೆ ಗಲಾಟೆ. ಇದರ ಎಣಿಕೆ ಏಪ್ರಿಲ್ 16ರಿಂದ ಆಗಸ್ಟ್ 31ರ ನಡುವೆ ಯಾವ ದಿನವಾದರೂ ಸರಿ. ಅಂದರೆ ತಾತನ 80 ಇಯರ್ಲಿಂಗ್ ಏಪ್ರಿಲ್ 22ರ ಲೆಕ್ಕದಲ್ಲಿ ಮತ್ತೆ ಬಂದವು. 4,400 ಡಾಲರ್. ನೆರೆಯವರ 80 ಬರಲಿಲ್ಲ, ಅವು ಏಪ್ರಿಲ್ 9ಕ್ಕೇ ಹೋಗಿದ್ದವಲ್ಲ. ಆಮೇಲೆ ಡಿಸೆಂಬರ್ ಕೊನೆಯಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿ, ಆ 33 ಡಾಲರ್ ತುಂಬಾ ಕಮ್ಮಿಯಾಯಿತು ಅಂತ ಒಪ್ಪಿಕೊಂಡಿತು. ಬೈಡನ್ ಬಂದ ಮೇಲೆ, 2021ರ ಏಪ್ರಿಲ್‌ನಿಂದ, ಹಳೆ ಅರ್ಜಿಯ ಮೇಲೆಯೇ ಹೆಚ್ಚುವರಿ ದುಡ್ಡು ತಾನಾಗಿ ಬರಲು ಶುರುವಾಯಿತು. ಇಯರ್ಲಿಂಗಿಗೆ 25.50. ತಾತನ 80ಕ್ಕೆ 2,040.

ಮೂರನ್ನೂ ಕೂಡಿದೆ. 9,080. ನೆರೆಯವರದು 11,120. ಎರಡು ಸಾವಿರದ ಅಂತರ. ಕೋಪ ಮಾಡಿಕೊಳ್ಳೋಣ ಅಂತ ಕೂತವಳಿಗೆ ಲೆಕ್ಕವೇ ಕೈಕೊಟ್ಟಿತು. ಗೆರೆ ಹಾಕಿದವರೇ ಗೆರೆಯನ್ನು ಸ್ವಲ್ಪ ಅಳಿಸಿದ್ದರು. ವರ್ಷ ಹಿಡಿಯಿತು, ಆದರೂ ಅಳಿಸಿದ್ದರು. ನಡುವೆ ಆ ವರ್ಷ ಬ್ಯಾಂಕಿನವರು ಬಡ್ಡಿಗೆ ಕಾಯಲಿಲ್ಲ, ಅದು ಬೇರೆ ಮಾತು.

ಎಲ್ಲಾ ಗೆರೆಗಳೂ ಹಾಗೆ ಅಳಿಯಲಿಲ್ಲ. ಉತ್ತರಕ್ಕೆ ಸ್ವಲ್ಪ ದೂರ ಹೋದರೆ ದಕ್ಷಿಣ ಡಕೋಟಾದಲ್ಲಿ ಮೂಲನಿವಾಸಿ ಲಕೋಟಾ ಜನರ ರೋಸ್‌ಬಡ್ ಮೀಸಲು ಪ್ರದೇಶ. ಅಲ್ಲೂ ರ್ಯಾಂಚರ್‌ಗಳಿದ್ದಾರೆ. 2021ರ ಮಾರ್ಚಿನಲ್ಲಿ ಬಂದ ಕೊರೊನಾ ಪರಿಹಾರದ ಕಾಯ್ದೆಯಲ್ಲಿ ಕಪ್ಪು, ಮೂಲನಿವಾಸಿ, ಹಿಸ್ಪಾನಿಕ್, ಏಷ್ಯನ್ ರೈತರ ಸರ್ಕಾರಿ ಸಾಲ ತೀರಿಸುವುದಕ್ಕೆ ಸುಮಾರು 400 ಕೋಟಿ ಡಾಲರ್ ಇಟ್ಟಿದ್ದರು. ಬಿಳಿಯ ರೈತರು ಕೋರ್ಟಿಗೆ ಹೋದರು. ಜೂನಿನಲ್ಲಿ ತಡೆ ಬಿತ್ತು. 2022ರ ಆಗಸ್ಟ್‌ನಲ್ಲಿ ಆ ಭಾಗವನ್ನೇ ರದ್ದು ಮಾಡಿ ಬೇರೆ ಯೋಜನೆ ತಂದರು. ಸಾಲ ತೀರಿತು ಅಂತ ಲೆಕ್ಕ ಹಾಕಿಕೊಂಡು ಕೂತವರು ಒಂದೂವರೆ ವರ್ಷ ಹಾಗೇ ಕೂತರು. ಬಂಕಿನಲ್ಲಿ ಈ ವಿಷಯ ಬಂದಾಗ ನಾನು ಸುಮ್ನೆ ಕಾಫಿ ಕುಡಿದೆ. ಅವರಲ್ಲೊಬ್ಬರು ನನ್ನ ಮುಖ ನೋಡಿ ಮಾತು ಬದಲಿಸಿದರು, ಮಳೆ ಕಡೆಗೆ.

2023ರ ಶರತ್ಕಾಲದಲ್ಲಿ ಬೀರು ಖಾಲಿ ಮಾಡುವಾಗ ಕೆಂಪು ಪುಸ್ತಕ ಸಿಕ್ಕಿತು. ದಾಖಲೆ ಇಡಬೇಕಾದ ಮೂರು ವರ್ಷ ಮುಗಿದಿತ್ತು. ತಾತನ ಮನೆಗೇ ಹೋಗಿ ಕೊಟ್ಟೆ. ಆಗ ಕರುಗಳ ಬೆಲೆ ಏರಿತ್ತು. ಬರ ಬಿದ್ದು ದನಗಳ ಸಂಖ್ಯೆ ಕಮ್ಮಿಯಾಗಿ, ಇದ್ದವಕ್ಕೆ ಒಳ್ಳೆ ರೇಟು. ತಾತ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. "ಕೆಟ್ಟ ರಾತ್ರಿ" ಅಂತ ಬರೆದಿದ್ದ ಪುಟದಲ್ಲಿ ನಿಂತರು. ಕಿವಿ ನಂಬರ್ ಓದಿ, "ಇವಳು ಇನ್ನೂ ಇದಾಳೆ" ಅಂದರು. ಕಿಟಕಿಯಿಂದ ಎಲ್ಲೋ ಕೈ ತೋರಿಸಿದರು. ನನಗೆ ಎಲ್ಲಾ ಹಸುಗಳೂ ಒಂದೇ ಥರ ಕಂಡವು.

ಆಮೇಲೆ ಇದ್ದಕ್ಕಿದ್ದ ಹಾಗೆ, "ನಿನ್ನ ತಮ್ಮನ ಹೂವಿನ ದುಡ್ಡು ಬಂತಾ?" ಅಂತ ಕೇಳಿದರು. ಮೂರು ವರ್ಷದ ಹಿಂದೆ ಪಿಕಪ್ ಕಿಟಕಿಯಲ್ಲಿ ಯಾವಾಗಲೋ ಹೇಳಿದ್ದೆ. ನೆನಪಿಟ್ಟುಕೊಂಡಿದ್ದರು.

ಇಲ್ಲ ಅಂದೆ. ಖಾತೆ ಆಗುವ ಹೊತ್ತಿಗೆ ಅರ್ಜಿ ಮುಗಿದಿತ್ತು.

"ಎಷ್ಟು ಬರಬೇಕಿತ್ತು?"

"ಆಗಿನ ಲೆಕ್ಕದಲ್ಲಿ ಒಂದು 200 ಡಾಲರ್."

ತಾತ ಪುಸ್ತಕದ ಕೊನೆಯ ಖಾಲಿ ಪುಟ ತೆಗೆದು, ಪೆನ್ಸಿಲ್ಲಿನಲ್ಲಿ 200 ಬರೆದು, 33ರಿಂದ ಭಾಗಿಸಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಆರು ಕರು" ಅಂದರು.